ಸೂರ್ಯನಿಗೆ ಬೇಡ, ಲಾರಿಗೆ ಹೇಳಿ

ಪುರಸಭೆಯ ಮಾನ್ಯ ಮುಖ್ಯಾಧಿಕಾರಿಗಳೇ,

ಇವತ್ತು ಚತುರ್ದಶಿ, ನನಗೆ ಉಪವಾಸ. ಬೆಳಗಿನ ಜಾವ ಎದ್ದು ಬಾವಿಯಿಂದ ನೀರು ಸೇದಿ, ಎರಡು ಪದರದ ಬಟ್ಟೆಯಲ್ಲಿ ಸೋಸಿ, ಬಟ್ಟೆಗೆ ಅಂಟಿದ ಜೀವಗಳು ಸಾಯದಿರಲಿ ಎಂದು ಅದನ್ನು ಮತ್ತೆ ಬಾವಿಯ ನೀರಿಗೇ ಜಾಲಿಸಿ, ಅಂಗಳ ಗುಡಿಸಿ, ರಂಗೋಲಿ ಎಳೆದು, ಹಸುವಿಗೆ ಹುಲ್ಲು ಹಾಕಿ, ಅತ್ತೆಯವರನ್ನು ಬಸದಿಗೆ ಕರೆದುಕೊಂಡು ಹೋಗಿ ಬಂದು, ಅವರಿಗೆ ಗಂಜಿ ಕೊಟ್ಟು, ಕೈ ಒರೆಸಿಕೊಂಡು ಈ ಕಾಗದಕ್ಕೆ ಕೂತಿದ್ದೇನೆ. ಉಪವಾಸದ ದಿನ ಸಿಟ್ಟು ಮಾಡಿಕೊಂಡರೆ ವ್ರತ ಕೆಡುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದರು. ಆದ್ದರಿಂದ ಸಿಟ್ಟಿಲ್ಲದೆ ಬರೆಯುತ್ತೇನೆ. ಎಲ್ಲಾದರೂ ಕೈಮೀರಿ ಸಿಟ್ಟು ಕಂಡರೆ ಅದರ ಪಾಪದಲ್ಲಿ ಅರ್ಧ ತಮ್ಮದು.

ವಿಷಯ ಇಷ್ಟೇ. ದೀಪಾವಳಿ ಕಳೆದ ಮೇಲೆ ಒಂದು ತಿಂಗಳ ಮಟ್ಟಿಗೆ, ಪೇಟೆ ಬೀದಿಯಲ್ಲಿ ಸಂಜೆ ಐದರಿಂದ ಎಂಟರವರೆಗೆ ಲಾರಿ, ಟೆಂಪೊ, ಸ್ಕೂಟರು, ಜಟಕಾ ಯಾವುದೂ ಬರತಕ್ಕದ್ದಲ್ಲ, ಜನ ಮಾತ್ರ ನಡೆಯತಕ್ಕದ್ದು ಎಂದು ತಾವೇ ಆಜ್ಞೆ ಹೊರಡಿಸಿದಿರಿ. ತಿಂಗಳು ತುಂಬಿದ ಮರುದಿನವೇ ‘ಸಾರ್ವಜನಿಕರ ಕೋರಿಕೆಯ ಮೇರೆಗೆ’ ಎಂದು ಅದನ್ನು ತಾವೇ ರದ್ದು ಮಾಡಿದಿರಿ. ಆ ಸಂಜೆ ನಮಗೆ ವಾಪಸು ಬೇಕು. ನಾನು ಬೇಡುತ್ತಿಲ್ಲ. ಒಂದು ತಿಂಗಳು ನಮ್ಮ ಕೈಗೆ ಕೊಟ್ಟು ಕಸಿದುಕೊಂಡದ್ದನ್ನು ಕೇಳುತ್ತಿದ್ದೇನೆ.

ಹಳೇಬೀಡಿನ ಹತ್ತಿರದ ಹಳ್ಳಿಯೊಂದರಲ್ಲಿ ಹುಟ್ಟಿ, ಅಲ್ಲಿನ ಶಾಲೆಯಲ್ಲಿ ಐದನೇ ತರಗತಿಯವರೆಗೆ ಓದಿದವಳು ನಾನು. ನಮ್ಮ ಮೇಷ್ಟ್ರು ಅರ್ಜಿ ಬರೆಯುವುದನ್ನು ಕಲಿಸುವಾಗ, ‘ಮೊದಲು ಏನು ಬೇಕು ಅಂತ ಬರೀರಿ, ಆಮೇಲೆ ಯಾಕೆ ಅಂತ ಬರೀರಿ, ಕಾಲಿಗೆ ಬೀಳೋದನ್ನ ಮಾತ್ರ ಬರೀಬೇಡಿ’ ಎನ್ನುತ್ತಿದ್ದರು. ಏನು ಬೇಕೆಂದು ಬರೆದಾಯಿತು. ಯಾಕೆ ಎಂಬುದು ಸ್ವಲ್ಪ ಉದ್ದ ಇದೆ. ತಮ್ಮ ಮೇಜಿನ ಮೇಲೆ ಕಡತಗಳು ಬಹಳ ಇರಬಹುದು. ಆದರೆ ಇದನ್ನು ಪತ್ರಿಕೆಗೆ ಕೊಟ್ಟಿರುವುದರಿಂದ ತಾವು ಓದುವ ಮೊದಲೇ ಊರು ಓದಿರುತ್ತದೆ.

ಮೊದಲು ನಡೆಯುವ ವಿಷಯ. ತಾವು ನಡೆಯುವುದನ್ನು ನಾನು ನೋಡಿಲ್ಲ. ಜೀಪಿನಿಂದ ಇಳಿದು ಕಚೇರಿಯ ಮೆಟ್ಟಿಲು ಹತ್ತುವುದನ್ನು ನೋಡಿದ್ದೇನೆ. ನಮ್ಮಲ್ಲಿ ನಡೆಯುವುದಕ್ಕೂ ಒಂದು ಪಾಠ ಇದೆ. ಚಿಕ್ಕವಳಿದ್ದಾಗ ಹಳೇಬೀಡಿನ ಬಸದಿಗಳಿಗೆ ಹೋಗುವ ಮಣ್ಣು ದಾರಿಯಲ್ಲಿ ಅಜ್ಜಿ ನನ್ನ ಕತ್ತು ಬಗ್ಗಿಸಿ, ‘ನಾಲ್ಕು ಮೊಳ ಮುಂದಕ್ಕೆ ನೋಡಿಕೊಂಡು ನಡಿಯೇ. ಕಾಲು ಇಡೋ ಜಾಗಾನ ಕಣ್ಣು ಮೊದ್ಲು ಮುಟ್ಟಬೇಕು’ ಎಂದು ಕಲಿಸಿದರು. ಇರುವೆ ಇರುತ್ತದೆ, ಹುಳ ಇರುತ್ತದೆ. ಅವುಗಳ ದಾರಿಯೂ ಅದೇ. ನಮ್ಮ ಮುನಿಗಳು ಊರಿಂದೂರಿಗೆ ಹೀಗೇ ನಡೆಯುತ್ತಾರೆ. ಸಂಸಾರದಲ್ಲಿರುವ ನಮಗೆ ಅಷ್ಟು ಆಗದಿದ್ದರೂ, ಬಸದಿಗೆ ಹೋಗುವಾಗಲಾದರೂ ಬರಿಗಾಲಲ್ಲಿ, ನೆಲ ನೋಡಿಕೊಂಡು ಹೋಗುತ್ತೇವೆ.

ಈ ಪಾಠವನ್ನು ಇಟ್ಟುಕೊಂಡು ಪೇಟೆ ಬೀದಿಯಲ್ಲಿ ಸಂಜೆ ಐದೂಕಾಲಕ್ಕೆ ನಡೆದು ನೋಡಿ ಸ್ವಾಮಿ. ನೆಲ ನೋಡಿದರೆ ಲಾರಿ ಮೈಮೇಲೆ ಬರುತ್ತದೆ. ಲಾರಿ ನೋಡಿದರೆ ಕಾಲಡಿ ಜೀವ ಹೋಗುತ್ತದೆ. ಎರಡನ್ನೂ ನೋಡೋಣವೆಂದರೆ ಚರಂಡಿಗೆ ಬೀಳುತ್ತೇವೆ. ಬೇಲೂರಿನಲ್ಲಿ ಕಲ್ಲಿನ ಮದನಿಕೆಯರ ಮುಂದೆ ಚಪ್ಪಲಿ ಬಿಟ್ಟು, ಉಸಿರು ಬಿಗಿಹಿಡಿದು ನಿಲ್ಲುವ ದೊಡ್ಡ ಮನುಷ್ಯರೇ ವಾಪಸು ಹೋಗುವಾಗ ನಮ್ಮ ಬೀದಿಯಲ್ಲಿ ಕಾರು ನುಗ್ಗಿಸಿ, ಬೆನ್ನ ಹಿಂದೆ ಹಾರನ್ನು ಒತ್ತುತ್ತಾರೆ. ಕಲ್ಲಿನ ಹೆಂಗಸಿಗಿರುವ ಮರ್ಯಾದೆ ಉಸಿರಾಡುವ ಹೆಂಗಸಿಗೆ ಬೇಡವೇ?

ಇನ್ನು ನಮ್ಮ ಅತ್ತೆಯವರ ವಿಷಯ. ಧರ್ಮಾವತಮ್ಮನವರಿಗೆ ಈಗ ಎಪ್ಪತ್ತಾರು. ಒಂದು ಕಣ್ಣಿಗೆ ಪೊರೆ ಬಂದಿದೆ, ಇನ್ನೊಂದರಲ್ಲಿ ನಾಲ್ಕು ಮೊಳ ಮಾತ್ರ ಕಾಣುತ್ತದೆ. ‘ಅಷ್ಟು ಸಾಕಲ್ಲ, ಶಾಸ್ತ್ರದಲ್ಲೂ ಅಷ್ಟೇ ಹೇಳಿರೋದು’ ಎಂದು ನಗುತ್ತಾರೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಮುನಿ ಮಹಾರಾಜರೊಬ್ಬರ ಎದುರು ಅವರು ಹಿಡಿದ ನಿಯಮ ಒಂದಿದೆ: ಸಂಜೆ ಬಸದಿಯಲ್ಲಿ ಸ್ವಾಮಿಯ ದರ್ಶನವಾಗದೆ ಸಂಜೆಯ ಊಟವಿಲ್ಲ. ಇದಕ್ಕೆ ಮೊದಲೇ ನಮ್ಮವರೆಲ್ಲರಿಗೂ ಇರುವ ಇನ್ನೊಂದು ಕಟ್ಟು: ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ಅವರಿಗೆ ನೀರೂ ಇಲ್ಲ. ಬಸದಿಯ ಬಾಗಿಲು ತೆರೆಯುವುದು ಐದಕ್ಕೆ. ಈ ಚಳಿಗಾಲದಲ್ಲಿ ಸೂರ್ಯ ಮುಳುಗುವುದು ಆರರ ಆಸುಪಾಸು. ನಮ್ಮ ಮನೆ ಬೀದಿಯ ಈ ತುದಿಯಲ್ಲಿ, ಅಶ್ವತ್ಥಕಟ್ಟೆಯ ಹಿಂದೆ. ಬಸದಿ ಆ ತುದಿಯಲ್ಲಿ, ತಮ್ಮ ಕಚೇರಿಗೆ ಸ್ವಲ್ಪ ಈಚೆಗೆ. ಈ ಒಂದು ಗಂಟೆಯಲ್ಲಿ ಮುದುಕಿ ಹೋಗಬೇಕು, ಕೈ ಮುಗಿಯಬೇಕು, ಬರಬೇಕು, ಉಣ್ಣಬೇಕು. ತಪ್ಪಿದರೆ ಬೆಳಿಗ್ಗೆ ಹತ್ತಕ್ಕೆ ಉಂಡ ಜೀವ ಮರುದಿನ ಹತ್ತರವರೆಗೆ ಹಾಗೇ ಇರಬೇಕು.

ಐವತ್ತು ವರ್ಷಕ್ಕೂ ಮೇಲೆ ಇದು ನಡೆದುಕೊಂಡು ಬಂತು. ಆಗ ಬೀದಿಯಲ್ಲಿ ಎತ್ತಿನ ಗಾಡಿ ಇದ್ದವು, ಗಾಡಿಯವನು ‘ಜರುಗಿ ತಾಯಿ’ ಎನ್ನುತ್ತಿದ್ದ, ಎತ್ತುಗಳೂ ನಿಲ್ಲುತ್ತಿದ್ದವು. ಈಗ ಗಂಡಸಿಯಿಂದಲೂ ಜಾವಗಲ್ಲಿನಿಂದಲೂ ಕೊಬ್ಬರಿ ತುಂಬಿದ ಲಾರಿಗಳು ಸಂಜೆಗೇ ಬರುತ್ತವೆ. ಬೀದಿಯ ಅಗಲ ಮಾತ್ರ ಎತ್ತಿನ ಗಾಡಿಯ ಕಾಲದ್ದೇ.

ಇದಕ್ಕೇ ತಮ್ಮ ಆ ಒಂದು ತಿಂಗಳು ನಮಗೆ ಹಬ್ಬವಾಯಿತು. ಮೊದಲ ದಿನ ತಮ್ಮ ಕಾವಲಿನ ದ್ಯಾವಯ್ಯ ಐದಕ್ಕೆ ಸರಿಯಾಗಿ ಎರಡು ಡ್ರಮ್ಮಿನ ಮೇಲೆ ಬಿದಿರಿನ ಗಳು ಅಡ್ಡ ಹಾಕಿದ. ಏನಾಯಿತು ಗೊತ್ತೇ? ಬೀದಿ ಪೂರಾ ಖಾಲಿ. ಆದರೂ ಜನ ಮಾತ್ರ ಎಂದಿನ ಹಾಗೆ ಎರಡೂ ಬದಿಯ ಚರಂಡಿ ಅಂಚಿಗೆ ಒತ್ತಿಕೊಂಡೇ ಹೋಗುತ್ತಿದ್ದರು. ನಡುವೆ ಕಾಲಿಡಲು ಒಬ್ಬರಿಗೂ ಧೈರ್ಯವಿಲ್ಲ. ಹೆದರಿಕೆ ಎಷ್ಟು ವರ್ಷದ್ದು ನೋಡಿ! ನಮ್ಮ ಅತ್ತೆಯವರು ನೆಲ ನೋಡಿಕೊಂಡು ಬಂದವರು ಸೀದಾ ನಡುಬೀದಿಗೇ ನಡೆದರು.

‘ಕಾಂಚನಾ, ಎಲ್ಲ ಯಾಕೆ ಗೋಡೆ ಸವರ್ಕೊಂಡು ಹೋಗ್ತಿದಾರೆ? ನಡುಬೀದಿ ಯಾರದ್ದಾದ್ರೂ ಸ್ವಂತ ಮನೆಯೇನೇ?’ ಎಂದರು.

ದ್ಯಾವಯ್ಯ ಗಳುವಿನ ಹತ್ತಿರದಿಂದಲೇ ಕೂಗಿದ: ‘ಅಗೋ, ಅಜ್ಜಿ ನಡೀತಾವ್ರೆ! ನೀವ್ಯಾಕ್ರವ್ವಾ ಗೋಡೆ ತಬ್ಕೊಂಡಿದ್ದೀರಿ? ನಡೂಕೆ ಬನ್ರೀ, ಲಾರಿ ಬಂದ್ರೆ ನನ್ನ ಮ್ಯಾಲೆ ಹತ್ತಿ ಬರಬೇಕು!’

ಹೂವಿನ ಹುಚ್ಚಮ್ಮ ತನ್ನ ಬುಟ್ಟಿಯನ್ನು ಚರಂಡಿ ಕಲ್ಲಿನಿಂದ ಎತ್ತಿಕೊಂಡು ಬಂದು ಬೀದಿಯ ನಟ್ಟನಡುವೆ ಇಟ್ಟು ಕಾಲು ಚಾಚಿ ಕೂತಳು. ‘ನಮ್ಮವ್ವನಾಣೆ, ಮೂವತ್ತೊರ್ಸದಿಂದ ಮೂಗಿಗೆ ಮಲ್ಲಿಗೆ ವಾಸ್ನೆ ಬಂದಿದ್ದು ಇವತ್ತೇಯ’ ಎಂದಳು. ಒಬ್ಬೊಬ್ಬರಾಗಿ ಜನ ನಡುವಿಗೆ ಬಂದರು. ವಾರ ಕಳೆಯುವುದರೊಳಗೆ, ಮದುವೆಯಾಗಿ ಇಪ್ಪತ್ತು ವರ್ಷವಾದರೂ ಪೇಟೆ ಬೀದಿಯನ್ನು ಗಂಡನ ಸೈಕಲ್ಲಿನ ಹಿಂದೆ ಕೂತೇ ನೋಡಿದ್ದ ಹೆಂಗಸರು ಕಾಲ್ನಡಿಗೆಯಲ್ಲಿ ಬಂದರು. ಕೋಲು ಹಿಡಿದ ಮುದುಕರು ಬಂದರು. ಬಾಣಾವರದಿಂದ ರೈಲಿಗೆ ಬಂದ ನನ್ನ ನಾದಿನಿ, ‘ಅತ್ತಿಗೇ, ನಿಮ್ಮೂರಲ್ಲಿ ಮಾತಾಡಿದ್ದು ಕೇಳಿಸ್ತದಲ್ಲ!’ ಎಂದು ಬೆರಗಾದಳು. ಹೌದು, ಹಾರನ್ನಿಲ್ಲದೆ ನಮ್ಮೂರಿನ ದನಿ ನಮಗೇ ಹೊಸದಾಗಿ ಕೇಳಿತು. ಅತ್ತೆಯವರು ಐದೂವರೆಗೆಲ್ಲ ಮನೆಗೆ ಬಂದು, ಕೂತು, ನಿಧಾನವಾಗಿ ಅಗಿದು ಉಂಡರು. ಒಂದು ತಿಂಗಳು, ಒಂದು ದಿನವೂ ತಪ್ಪಲಿಲ್ಲ.

ತಿಂಗಳಾದ ಮರುದಿನ ಅಶ್ವತ್ಥದ ಬುಡಕ್ಕೆ ತಮ್ಮ ಕಾಗದ ಅಂಟಿತು. ‘ಸಾರ್ವಜನಿಕರ ಕೋರಿಕೆಯ ಮೇರೆಗೆ.’ ದ್ಯಾವಯ್ಯ ಗಳುಗಳನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗುವಾಗ ನಮ್ಮ ಕಡೆ ನೋಡಲೇ ಇಲ್ಲ.

ನಾಲ್ಕನೆಯ ದಿನ ಎಂದು ನೆನಪು. ಐದೂ ಇಪ್ಪತ್ತಕ್ಕೆ ನಾನೂ ಅತ್ತೆಯವರೂ ಬಟ್ಟೆ ಅಂಗಡಿಯ ಮೂಲೆಗೆ ಬಂದೆವು. ಎರಡು ಕೊಬ್ಬರಿ ಲಾರಿ ಮುಖಾಮುಖಿ ನಿಂತಿದ್ದವು. ನಡುವೆ ಒಂದು ಟೆಂಪೊ, ಅದರ ಹಿಂದೆ ಜಟಕಾ, ಅದರ ಸಂದಿಯಲ್ಲಿ ಹತ್ತು ಸ್ಕೂಟರು. ‘ನೀನು ಹಿಂದಕ್ಕೆ ತಗೋ’, ‘ನೀನೇ ತಗೋಳ್ಲಾ’ ಎಂದು ಡ್ರೈವರುಗಳಿಬ್ಬರೂ ಇಳಿದು ನಿಂತು ಬೈದಾಡುತ್ತಿದ್ದರು. ಸೂಜಿ ತೂರಲೂ ಜಾಗವಿಲ್ಲ. ಹಿಂದಿನ ಓಣಿಯಲ್ಲಿ ಹೋಗೋಣವೆಂದರೆ ಅಲ್ಲಿ ಚರಂಡಿಯ ಚಪ್ಪಡಿ ಮುರಿದು ವರ್ಷವಾಗಿದೆ (ಅದಕ್ಕೂ ಒಂದು ಅರ್ಜಿ ತಮ್ಮಲ್ಲಿದೆ). ಅತ್ತೆಯವರು ನನ್ನ ಕೈ ಹಿಡಿದು ಪಂಚನಮಸ್ಕಾರ ಹೇಳಿಕೊಳ್ಳುತ್ತ ನಿಂತರು. ನಾನು ಎದುರಿನ ಕೊಬ್ಬರಿ ಮಂಡಿಯ ಹೆಂಚಿನ ಮೇಲಿನ ಬಿಸಿಲನ್ನೇ ನೋಡುತ್ತ ನಿಂತೆ. ಬಿಸಿಲು ಹಳದಿಯಾಯಿತು, ಕೆಂಪಾಯಿತು, ಸೂರಿನ ತುದಿಗೆ ಹತ್ತಿತು. ದಾರಿ ಬಿಟ್ಟಾಗ ಓಡುವ ಹಾಗಿಲ್ಲ. ಅವರು ನೆಲ ನೋಡದೆ ಹೆಜ್ಜೆ ಇಡುವವರಲ್ಲ. ದರ್ಶನವೇನೋ ಆಯಿತು. ಮನೆ ಮುಟ್ಟಿದಾಗ ತುಳಸಿಕಟ್ಟೆಯ ಹತ್ತಿರ ಮಬ್ಬು ಕವಿದಿತ್ತು. ಮುಚ್ಚಿಟ್ಟ ತಟ್ಟೆಯ ಮುಂದೆ ಕೂರದೆ ಕೈಕಾಲು ತೊಳೆದು, ‘ನಾಳೆ ಇದೆಯಲ್ಲ ಬಿಡು’ ಎಂದು ಗೋಡೆಗೆ ಒರಗಿದರು.

ನಾಳೆಯೂ ಲಾರಿ ಇತ್ತು. ಆವತ್ತಿನಿಂದ ಇವತ್ತಿನವರೆಗೆ ಹದಿನಾಲ್ಕು ದಿನ ಅವರ ಸಂಜೆಯ ತಟ್ಟೆ ಹಾಗೇ ಉಳಿದಿದೆ. ಅವರು ಉಣ್ಣದೆ ನಾನು ಉಣ್ಣುವ ಪದ್ಧತಿಯಿಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನನಗೆ ಮೈಯಲ್ಲಿ ಕಸುವಿದೆ. ಅವರ ಬಳೆಗಳು ಮೊಳಕೈವರೆಗೆ ಜಾರುತ್ತಿವೆ. ‘ಅತ್ತೆ, ಈ ವಯಸ್ಸಿನಲ್ಲಿ ನಿಯಮ ಸ್ವಲ್ಪ ಸಡಿಲ ಮಾಡಿಕೊಳ್ಳಿ, ಪುರೋಹಿತರನ್ನ ಕೇಳೋಣ’ ಎಂದೆ. ‘ಐವತ್ನಾಲ್ಕು ವರ್ಷ ಇಟ್ಕೊಂಡಿದ್ದನ್ನ ಲಾರಿಗೆ ಹೆದರಿ ಬಿಡ್ಲೇನೇ? ಬಿಡೋದಾದ್ರೆ ಅದು ಬಿಡ್ಲಿ’ ಎಂದರು. ಯಾರ ಹತ್ತಿರವೂ ಹೇಳಕೂಡದು ಎಂದೂ ಆಣೆ ಹಾಕಿದರು. ಉಪವಾಸವನ್ನು ಡಂಗುರ ಸಾರಿದರೆ ಅದರ ಫಲ ಹೋಗುತ್ತದೆ ಎಂಬುದು ಅವರ ನಂಬಿಕೆ. ಈ ಕಾಗದದಿಂದ ಆ ಆಣೆಯನ್ನು ಮುರಿಯುತ್ತಿದ್ದೇನೆ. ಪ್ರಾಯಶ್ಚಿತ್ತ ಏನೆಂದು ಪುರೋಹಿತರನ್ನು ಕೇಳುತ್ತೇನೆ. ತಮ್ಮ ಪ್ರಾಯಶ್ಚಿತ್ತವನ್ನು ತಾವು ಯಾರನ್ನು ಕೇಳುತ್ತೀರೋ ನನಗೆ ತಿಳಿಯದು.

ಹನ್ನೊಂದನೆಯ ತಟ್ಟೆ ಉಳಿದ ಮರುದಿನ ನಾನು ಹುಚ್ಚಮ್ಮನನ್ನು ಕರೆದುಕೊಂಡು ತಮ್ಮ ಕಚೇರಿಗೆ ಬಂದೆ. ತಮಗೆ ನೆನಪಿರಬಹುದು, ‘ಇವರು ಯಾರು, ಯಾಕೆ ಒಳಗೆ ಬಿಟ್ರಿ’ ಎಂದು ತಾವು ಕೇಳಿದ ಇಬ್ಬರು ಹೆಂಗಸರು ನಾವೇ.

ಒಳಗೆ ಬಿಡುವ ಮೊದಲು ಗುಮಾಸ್ತರಾದ ಪುಟ್ಟಸ್ವಾಮಿಯವರು ನಮ್ಮನ್ನು ಒಂದು ಗಂಟೆ ಬೆಂಚಿನ ಮೇಲೆ ಕೂರಿಸಿದರು. ‘ಸಾರ್ವಜನಿಕರ ಕೋರಿಕೆ ಅಂತ ಬರೆದಿದೀರಲ್ಲ, ಆ ಕೋರಿಕೆ ತೋರಿಸಿ’ ಎಂದೆ. ಅವರು ಒಳ್ಳೆಯವರು, ಕಡತ ಬಿಚ್ಚಿದರು. ನಲವತ್ತೊಂದು ಸಹಿ. ಒಂದು ಅಂಗಡಿಗೆ ಒಂದರಂತೆ, ಎಲ್ಲವೂ ಗಂಡಸರವು.

ಹುಚ್ಚಮ್ಮ ಬಗ್ಗಿ ನೋಡಿ, ‘ಸ್ವಾಮಿ, ನಂದು ಎಲ್ಲೈತೆ? ನಾನೂ ಅದೇ ಬೀದಿಯಾಗೆ ಮೂವತ್ತೊರ್ಸದಿಂದ ಕುಂತಿವ್ನಿ’ ಎಂದಳು.

‘ನಿಂದು ಅಂಗಡಿ ಅಲ್ಲಮ್ಮ, ಬುಟ್ಟಿ’ ಎಂದರು ಪುಟ್ಟಸ್ವಾಮಿ.

‘ಓ! ಹಂಗಾರೆ ಸುಂಕದೋನು ದಿನಾ ಬಂದು ಕೇಳ್ತಾನಲ್ಲ, ಅವನಿಗೆ ಹೇಳ್ರಪ್ಪಾ ಬುಟ್ಟಿ ಅಂತ.’

ನಾನು ನಗಲು ಹೋದೆ, ಅಷ್ಟರಲ್ಲಿ ಪುಟ್ಟಸ್ವಾಮಿಯವರು ಪಟ್ಟಿಯ ತಲೆಗೆ ಬೆರಳಿಟ್ಟು ಓದಲು ಶುರುಮಾಡಿ, ಮೊದಲ ಹೆಸರಿಗೇ ನಿಂತು, ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡರು. ‘ಇದು... ನಿಮ್ಮ ಯಜಮಾನ್ರದ್ದೇ ಅಲ್ವೇನಮ್ಮಾ?’

ಮದುವೆಯಾಗಿ ಮೂವತ್ತಮೂರು ವರ್ಷವಾಯಿತು. ಗಂಡನ ಹೆಸರನ್ನು ನಾನು ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಇವತ್ತು ಬರೆಯುತ್ತೇನೆ, ಬೇರೆ ದಾರಿಯಿಲ್ಲ: ಆ ಮೊದಲ ಸಹಿ ಪಾತ್ರೆ ಅಂಗಡಿ ಧರಣಪ್ಪನವರದು. ಧರ್ಮಾವತಮ್ಮನವರ ಒಬ್ಬನೇ ಮಗ.

ಆ ಹೊತ್ತಿಗೆ ತಾವು ಒಳಗೆ ಕರೆದಿರಿ. ನಮ್ಮಿಬ್ಬರ ನಡುವೆ ನಡೆದ ಮಾತನ್ನು ಇಲ್ಲಿ ಬರೆಯುತ್ತೇನೆ, ತಪ್ಪಿದ್ದರೆ ತಾವು ತಿದ್ದಬಹುದು. ನಾನು ಅತ್ತೆಯವರ ಕಥೆಯೆಲ್ಲ ಹೇಳಿದೆ. ತಾವು, ‘ಅಮ್ಮಾ, ಒಬ್ಬ ಅಜ್ಜಿಗೋಸ್ಕರ ಇಡೀ ಬೀದಿ ಮುಚ್ಚೋಕಾಗುತ್ತಾ? ಆಟೋದಲ್ಲಿ ಕರ್ಕೊಂಡು ಹೋಗಿ’ ಎಂದಿರಿ. ಅವರು ಅರವತ್ತು ತುಂಬಿದ ಮೇಲೆ ವಾಹನ ಹತ್ತುವುದನ್ನು ಬಿಟ್ಟಿದ್ದಾರೆ ಎಂದೆ. ಆ ನಿಯಮ ಇಲ್ಲದಿದ್ದರೂ, ಆಟೋ ಏನು ಲಾರಿಯ ಮೇಲೆ ಹಾರಿಕೊಂಡು ಹೋಗುತ್ತದೆಯೇ? ‘ವಯಸ್ಸಾದವರಿಗೆ ನಿಮ್ಮ ಧರ್ಮದಲ್ಲಿ ವಿನಾಯಿತಿ ಇಲ್ವಾ?’ ಎಂದಿರಿ. ಇದೆ. ಆದರೆ ಕೊಬ್ಬರಿಗೆ ಕೊಡುವ ವಿನಾಯಿತಿಗೆ ಮುಗಿಯುವ ಹೊತ್ತೇ ಇಲ್ಲ, ಮುದುಕಿ ಮಾತ್ರ ತನ್ನ ವ್ರತದಲ್ಲಿ ವಿನಾಯಿತಿ ಹುಡುಕಿಕೊಳ್ಳಬೇಕು ಎಂದರೆ ಯಾವ ನ್ಯಾಯ?

ಆಮೇಲೆ ತಾವು ದೊಡ್ಡ ಮನಸ್ಸು ಮಾಡಿದಿರಿ. ‘ಸರಿ, ವ್ಯಾಪಾರಸ್ಥರನ್ನ ಒಪ್ಪಿಸ್ತೀನಿ. ಆರೂವರೆಯಿಂದ ಎಂಟೂವರೆ ಮಾಡೋಣ. ಅದೂ ಸಂಜೇನೇ ತಾನೆ?’ ಆರೂವರೆಗೆ ನಮ್ಮ ಸಂಜೆ ಮುಗಿದು ಅರ್ಧ ಗಂಟೆಯಾಗಿರುತ್ತದೆ ಸ್ವಾಮಿ, ಸೂರ್ಯ ಮುಳುಗಿರುತ್ತಾನೆ ಎಂದೆ. ತಾವು ಕುರ್ಚಿಗೆ ಒರಗಿ ನಕ್ಕು, ‘ಸೂರ್ಯನಿಗೆ ನಾನು ಆರ್ಡರ್ ಮಾಡೋಕಾಗುತ್ತೇನಮ್ಮಾ?’ ಎಂದಿರಿ. ಪುಟ್ಟಸ್ವಾಮಿಯವರೂ ನಕ್ಕರು. ಹೊರಗೆ ನಿಂತಿದ್ದ ಜವಾನನೂ ನಕ್ಕ.

ಸೂರ್ಯನಿಗೆ ಬೇಡ, ಲಾರಿಗೆ ಹೇಳಿ, ಎಂದೆ. ಆಗ ಯಾರೂ ನಗಲಿಲ್ಲ. ತಾವು ಗಂಟೆ ಒತ್ತಿ ಮುಂದಿನವರನ್ನು ಕರೆದಿರಿ.

ಒಬ್ಬ ಅಜ್ಜಿ ಎಂದಿರಲ್ಲ, ಅದಕ್ಕೆ ಉತ್ತರ ಅಲ್ಲಿ ಹೊಳೆಯಲಿಲ್ಲ, ಮನೆಗೆ ಬರುವಾಗ ಹೊಳೆಯಿತು. ಹೋದ ವರ್ಷ ಮಂತ್ರಿಯೊಬ್ಬರು ಬರುತ್ತಾರೆಂದು ಇದೇ ಬೀದಿಯನ್ನು ಬೆಳಗಿನಿಂದ ಮಧ್ಯಾಹ್ನದವರೆಗೆ ಮುಚ್ಚಿದ್ದಿರಿ. ಲಾರಿಗಳು ಊರಾಚೆ ನಿಂತವು. ಕೊಬ್ಬರಿ ಕೊಳೆಯಲಿಲ್ಲ. ನಲವತ್ತೊಂದು ಅಂಗಡಿಯವರು ತೋರಣ ಕಟ್ಟಿದರು. ಮಂತ್ರಿಗಳು ಬಂದರು, ಕಾರಿನ ಗಾಜು ಇಳಿಸದೆ ಹೋದರು. ಒಂದು ಹೆಜ್ಜೆಯೂ ನಡೆಯದ ಒಬ್ಬ ಮನುಷ್ಯನಿಗೆ ಬೀದಿ ಮುಚ್ಚಬಹುದು. ದಿನಾ ನಡೆಯುವ ಊರಿಗೆ ಮುಚ್ಚಬಾರದು. ಅಲ್ಲವೇ?

ಇನ್ನು ಮನೆಯ ಮಾತು. ಹೇಳಲು ನಾಚಿಕೆ, ಹೇಳದೆ ಈ ಕಾಗದ ಪೂರ್ತಿಯಾಗುವುದಿಲ್ಲ.

ನಮ್ಮ ಮನೆಯವರು ಸಂಜೆಯ ಊಟಕ್ಕೆ ಮನೆಗೆ ಬರುವುದಿಲ್ಲ. ಬಸದಿಗೆ ಹೋಗುವಾಗ ನಾನೇ ಕ್ಯಾರಿಯರನ್ನು ಅಂಗಡಿಯಲ್ಲಿ ಇಟ್ಟು ಮುಂದಕ್ಕೆ ಹೋಗುತ್ತೇನೆ. ಹಿಂದಿನ ಕೋಣೆಯಲ್ಲಿ ಹೊತ್ತು ಮುಳುಗುವುದರೊಳಗೆ ಉಂಡು, ಎಂಟಕ್ಕೆ ಬಾಗಿಲು ಹಾಕಿಕೊಂಡು ಬರುತ್ತಾರೆ. ಅವ್ವ ಅಂಗಡಿಯ ಮುಂದೆ ಹಾದುಹೋಗುವುದನ್ನು ದಿನಾ ನೋಡುತ್ತಾರೆ, ಎದ್ದು ನಿಂತು ಕೈ ಮುಗಿಯುತ್ತಾರೆ. ವಾಪಸು ಬರುವಾಗ ಒಳಗೆ ಊಟಕ್ಕೆ ಕೂತಿರುತ್ತಾರೆ, ನೋಡುವುದಿಲ್ಲ. ತಾನು ಉಂಡಾಯಿತಲ್ಲ, ಅವ್ವನೂ ಉಂಡಿರುತ್ತಾಳೆ ಎಂದುಕೊಂಡಿದ್ದರು. ನಮ್ಮಲ್ಲಲ್ಲದೆ ಬೇರೆ ಯಾರಲ್ಲಿ ಈ ತಪ್ಪು ನಡೆದೀತು? ಹೊತ್ತಿಗೆ ಸರಿಯಾಗಿ ಉಣ್ಣುವ ಶಿಸ್ತಿನಿಂದಲೇ ಮಗನಿಗೆ ತಾಯಿಯ ಹಸಿವು ಕಾಣದೆ ಹೋಯಿತು.

ತಮ್ಮ ಕಚೇರಿಯಿಂದ ಬಂದ ದಿನ ನಾನು ಅಡಿಗೆ ಮಾಡಿದೆ, ಕ್ಯಾರಿಯರು ತುಂಬಿದೆ, ಅದನ್ನು ಅಡಿಗೆಮನೆಯ ಕಟ್ಟೆಯ ಮೇಲೇ ಬಿಟ್ಟು ಅತ್ತೆಯವರ ಕೈ ಹಿಡಿದು ಹೊರಟೆ. ಗಂಡನನ್ನು ಬೇಕೆಂದೇ ಉಪವಾಸ ಕೆಡವಿದ ಪಾಪ ನನ್ನದು, ಒಪ್ಪುತ್ತೇನೆ. ಆವತ್ತೂ ಲಾರಿ ನಿಂತಿತ್ತು, ಆವತ್ತೂ ಹೊತ್ತು ಮುಳುಗಿತು. ನಮ್ಮವರು ಅಂದು ಏಳಕ್ಕೇ ಬಾಗಿಲು ಹಾಕಿಕೊಂಡು ಬಂದರು.

‘ಏನೇ, ಕ್ಯಾರಿಯರ್ ಯಾಕೆ ಬರಲಿಲ್ಲ? ಕಾದೂ ಕಾದೂ ಹೊತ್ತು ಮುಳುಗ್ತು. ಹೊಟ್ಟೆ ತಾಳ ಹಾಕ್ತಾ ಇದೆ.’

‘ಒಂದು ದಿನಕ್ಕೇ ತಾಳ ಹಾಕ್ತಾ?’ ಎಂದೆ.

‘ಅಂದ್ರೆ?’

‘ಅವ್ವನ್ನ ಕೇಳಿ. ಇವತ್ತಿಗೆ ಹನ್ನೆರಡು.’

ಅವರು ಅವ್ವನ ಮುಖ ನೋಡಿದರು. ಅತ್ತೆಯವರು ಜಪಮಣಿ ಬಿಡದೆ, ‘ಅವಳ ಮಾತೇನು ಕೇಳ್ತೀಯ, ನನಗೆ ಹೊಟ್ಟೆ ಭಾರ ಇತ್ತಪ್ಪ’ ಎಂದರು. ಮೂಲೆಯಲ್ಲಿ ಮುಚ್ಚಿಟ್ಟ ಎರಡು ತಟ್ಟೆಗಳು ಇದ್ದವು. ನಮ್ಮವರು ಒಂದೊಂದಾಗಿ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿದರು.

‘ನನಗ್ಯಾಕೆ ಹೇಳಲಿಲ್ಲ?’

‘ಸಹಿ ಹಾಕೋವಾಗ ನೀವು ನಮ್ಮನ್ನ ಕೇಳಿದ್ರಾ?’

‘ಸಂಜೆ ಲೋಡು ಬರುತ್ತೆ ಕಣೇ. ಎಲ್ಲ ಹಾಕಿದ್ರು. ಹಿರಿಯರು ನೀವು ಮೊದಲು ಹಾಕಿ ಅಂದ್ರು, ಹಾಕಿದೆ.’

‘ಆ ತಿಂಗಳು ಲೋಡು ಬರಲಿಲ್ವಾ?’

‘ಬಂತು. ಬೆಳಿಗ್ಗೆ ಬಂತು.’

‘ಮತ್ತೆ? ವಾಪಸ್ ತಗೊಳ್ಳಿ.’

‘ಹಾಕಿದ ಸಹಿ ವಾಪಸ್ ತಗೊಳ್ಳೋದು ಅಂದ್ರೆ ಆಡಿದ ಮಾತು ವಾಪಸ್ ತಗೊಂಡ ಹಾಗೆ. ನಲವತ್ತು ಜನರ ಮುಂದೆ ನನ್ನ ಮುಖ ಏನಾಗಬೇಕು?’

ಅದಕ್ಕೆ ಅತ್ತೆಯವರು ಕಣ್ಣು ಮುಚ್ಚಿಕೊಂಡೇ, ‘ನಿನ್ನ ಮುಖ ನನಗೆ ಹೇಗೂ ಕಾಣಲ್ಲ ಬಿಡಪ್ಪ, ನಾಲ್ಕು ಮೊಳದಾಚೆ ಇದೆ’ ಎಂದರು. ನನಗೆ ನಗು ಬಂತು, ಅಳುವೂ ಬಂತು. ನಮ್ಮವರು ಆ ರಾತ್ರಿಯಿಂದ ನನ್ನ ಹತ್ತಿರ ಹೆಚ್ಚು ಮಾತಾಡಿಲ್ಲ. ಅಂಗಡಿಗೆ ಹೋಗುತ್ತಾರೆ, ಬರುತ್ತಾರೆ. ಕ್ಯಾರಿಯರನ್ನು ಮಾರನೆಯ ದಿನದಿಂದ ಮತ್ತೆ ಕೊಡುತ್ತಿದ್ದೇನೆ. ಎರಡು ದಿನದಿಂದ ಅದು ಬಿಚ್ಚದೆ ವಾಪಸು ಬರುತ್ತಿದೆ. ತಮ್ಮ ಆಜ್ಞೆಯಿಂದ ನಮ್ಮ ಮನೆಯ ಮೂರನೆಯ ತಟ್ಟೆಯೂ ಈಗ ಉಳಿಯುತ್ತಿದೆ.

ನನ್ನ ಕಡೆಯದೆಲ್ಲ ಸರಿ ಎಂದು ನಾನು ಹೇಳುವುದಿಲ್ಲ. ಜಟಕಾ ಮರುಳಪ್ಪ ಮೊನ್ನೆ ದಾರಿಯಲ್ಲಿ ತಡೆದು, ‘ತಾಯೀ, ಆ ತಿಂಗಳು ನಿಮ್ಮತ್ತೆ ಹೊಟ್ಟೆ ತುಂಬ್ತು. ನನ್ನ ಕುದ್ರೆ ಹೊಟ್ಟೆ? ಸಂಜೆ ರೈಲಿನೋರು ಸುತ್ತು ದಾರಿ ಅಂತ ನನ್ನ ಬಿಟ್ಟು ನಡ್ಕೊಂಡೇ ಹೋದ್ರು’ ಎಂದ. ಅವನು ಹೇಳಿದ್ದು ನಿಜ. ಕುದುರೆಯೂ ಜೀವವೇ. ಅವನನ್ನೂ ತಾವು ಕೇಳಲಿಲ್ಲ. ನಲವತ್ತೊಂದರಲ್ಲಿ ಅವನ ಹೆಬ್ಬೆಟ್ಟೂ ಇಲ್ಲ. ಸ್ಟೇಷನ್ನಿನ ಕಡೆಯಿಂದ ಬರುವವರನ್ನು ಅಶ್ವತ್ಥಕಟ್ಟೆಯವರೆಗೆ ಅವನು ತರಲಿ, ಅಲ್ಲಿ ಅವನಿಗೆ ನೆರಳೂ ನೀರಿನ ತೊಟ್ಟಿಯೂ ಇರುವ ನಿಲ್ದಾಣ ಮಾಡಿಕೊಡಿ ಎಂದು ನಾನೇ ಹೇಳಿದರೆ ಅವನು ತಲೆ ಕೆರೆದುಕೊಂಡು, ‘ಹಂಗಾದ್ರೆ ಆಯ್ತದೆ’ ಎಂದ. ತಾಳೆ ನೋಡಿ: ಐದನೇ ತರಗತಿಯವಳೂ ಜಟಕಾದವನೂ ರಸ್ತೆಯಲ್ಲಿ ನಿಂತು ಎರಡು ನಿಮಿಷದಲ್ಲಿ ಬಗೆಹರಿಸಿಕೊಂಡದ್ದು ಇದು. ತಮ್ಮ ಕಚೇರಿಯಲ್ಲಿ ಫ್ಯಾನೂ ಇದೆ.

ವ್ಯಾಪಾರ ಕೆಡುತ್ತದೆ ಎಂಬ ಮಾತಿಗೆ ಒಂದೇ ಉತ್ತರ. ನಡೆಯುವವನು ನಿಲ್ಲುತ್ತಾನೆ, ನಿಂತವನು ನೋಡುತ್ತಾನೆ, ನೋಡಿದವನು ಕೊಳ್ಳುತ್ತಾನೆ. ಲಾರಿಯೊಳಗೆ ಕೂತವನು ಪಾತ್ರೆ ಕೊಂಡದ್ದನ್ನು ನಾನು ಕಂಡಿಲ್ಲ. ಆ ತಿಂಗಳಲ್ಲಿ ಹುಚ್ಚಮ್ಮನ ಬುಟ್ಟಿ ದಿನಾ ಏಳಕ್ಕೆಲ್ಲ ಖಾಲಿಯಾಗುತ್ತಿತ್ತು. ನಂಬಿಕೆಯಿಲ್ಲದಿದ್ದರೆ ಆ ನಲವತ್ತೊಂದು ಜನರ ಹೆಂಡಂದಿರನ್ನು ಕೇಳಿ. ನಾನು ಕೇಳಿದ್ದೇನೆ. ಅವರೂ ಹುಚ್ಚಮ್ಮನೂ ಸೇರಿ ಇಪ್ಪತ್ತೊಂಬತ್ತು ಮಂದಿ ಇದರ ಜೊತೆಗಿರುವ ಹಾಳೆಯಲ್ಲಿ ತಮ್ಮ ಕೈಯಾರೆ ಹೆಸರು ಬರೆದಿದ್ದಾರೆ. ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿದ್ದಾರೆ. ಕಡೆಯ ಹೆಬ್ಬೆಟ್ಟು ಹುಚ್ಚಮ್ಮನದು. ಕಾಡಿಗೆಯಲ್ಲಿ ಒತ್ತಿದ್ದರಿಂದ ಸ್ವಲ್ಪ ಹರಡಿದೆ. ಇದು ಸಾರ್ವಜನಿಕರ ಕೋರಿಕೆ ಹೌದೋ ಅಲ್ಲವೋ, ತಾವೇ ಹೇಳಿ.

ನಮ್ಮ ಬೇಡಿಕೆ: ಬರುವ ಸೋಮವಾರದಿಂದ ಪೇಟೆ ಬೀದಿ ಸಂಜೆ ಐದರಿಂದ ಎಂಟರವರೆಗೆ ನಡೆಯುವವರದಾಗಬೇಕು. ಆರೂವರೆಯಲ್ಲ, ಐದು. ಒಂದು ತಿಂಗಳಿಗಲ್ಲ, ಕಾಯಮಾಗಿ. ದ್ಯಾವಯ್ಯನಿಗೆ ಗಳು ವಾಪಸು ಕೊಡಿ. ಕೊಡದಿದ್ದರೆ ಸೋಮವಾರ ಐದು ಗಂಟೆಗೆ ಇಪ್ಪತ್ತೊಂಬತ್ತು ಹೆಂಗಸರು ನೆಲ ನೋಡಿಕೊಂಡು, ನಿಧಾನವಾಗಿ, ನಡುಬೀದಿಯಲ್ಲಿ ನಡೆಯುತ್ತೇವೆ. ಮುಂದೆ ಧರ್ಮಾವತಮ್ಮನವರು ಇರುತ್ತಾರೆ. ಹಾರನ್ನು ಹೊಡೆದರೆ ಅವರಿಗೆ ಕೇಳಿಸುತ್ತದೆ, ಆದರೆ ತಲೆ ಎತ್ತುವುದಿಲ್ಲ. ತಲೆ ಎತ್ತಿದರೆ ನಿಯಮ ಕೆಡುತ್ತದೆ. ಆಗ ಗಳು ನಾವೇ ಆಗಿರುತ್ತೇವೆ.

ಕೊನೆಗೆ ಒಂದು ಮಾತು, ಇದು ತಮಗಲ್ಲ. ನಮ್ಮ ಮನೆಯವರು ಬೆಳಿಗ್ಗೆ ಅಂಗಡಿಯಲ್ಲಿ ಕೂತು ಪತ್ರಿಕೆಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುತ್ತಾರೆ. ಆದ್ದರಿಂದ ಎದುರಿಗೆ ಹೇಳಲಾಗದ್ದನ್ನು ಇಲ್ಲಿ ಕೇಳುತ್ತೇನೆ: ಇದಕ್ಕೆ ಬರುವ ಉತ್ತರವನ್ನು ಅಂಚೆಯವನಿಗೆ ಬಿಡಬೇಡಿ, ನೀವೇ ಹೋಗಿ ತನ್ನಿ. ಕಚೇರಿ ಬಸದಿಯ ಮುಂದಕ್ಕೇ ಇದೆ. ಐದಕ್ಕೆ ಅಂಗಡಿಯಿಂದ ಇಳಿದು, ಅವ್ವನ ಕೈ ಹಿಡಿದು, ದರ್ಶನ ಮಾಡಿಸಿಕೊಂಡು, ಉತ್ತರ ಇಸಿದುಕೊಂಡು ಬನ್ನಿ. ನಲವತ್ತು ಜನ ನೋಡಲಿ. ಹೊತ್ತು ಮುಳುಗುವುದರೊಳಗೆ ಬನ್ನಿ. ಮೂರು ತಟ್ಟೆ ಹಾಕಿಟ್ಟಿರುತ್ತೇನೆ.

ಇಂತಿ,
ಲಾರಿ ಸರಿಯುವುದನ್ನು ಬಟ್ಟೆ ಅಂಗಡಿಯ ಮೂಲೆಯಲ್ಲಿ ಇನ್ನೂ ಕಾಯುತ್ತಿರುವ,
ಕಾಂಚನಮಾಲಾ
ಧರ್ಮಾವತಮ್ಮನವರ ಸೊಸೆ, ಮೊದಲ ಸಹಿಯವರ ಹೆಂಡತಿ
ಅಶ್ವತ್ಥಕಟ್ಟೆಯ ಹಿಂದೆ, ಅರಸೀಕೆರೆ